ಗಂಗವ್ವನ ಗೋಡೆಯ ಮೇಲಿನ ಮುಖ

ಸಹನಾ, ಮಹಾಂತೇಶ — ಖಾನಾಪುರದ ಹತ್ತಿರದ ಹಳ್ಳಿಯೊಂದರಲ್ಲಿ ಒಬ್ಬ ತಾಯಿ, ತೀರಿಹೋದ ತನ್ನ ಮಗಳದೆಂದು ದಿನವೂ ಕುಂಕುಮ ಹಚ್ಚುತ್ತಿದ್ದ ಪಟದಲ್ಲಿ ಇದ್ದದ್ದು ನನ್ನ ಮುಖ. ಅದನ್ನು ಅಲ್ಲಿಟ್ಟವಳು ನಾನೇ. ನಿಮ್ಮ ಅಜ್ಜನಿಗೂ ಹೇಳಲಿಲ್ಲ.

ಸಹನಾ, ಮೊನ್ನೆ ನೀನು ನನ್ನ ಹಳೆಯ ಫೋಟೋವನ್ನು ಕಂಪ್ಯೂಟರಿಗೆ ಹಾಕಿ, ಏನೋ ಒಂದು ಒತ್ತಿ, "ಅಜ್ಜಿ, ನೋಡ, ಕಲ್ಲಾಗ ಕೆತ್ತಿದಂಗ ಆದಿ" ಎಂದು ನಕ್ಕೆ. ನಾನು ಎದ್ದು ಒಳಗೆ ಹೋದೆ. ಸಿಟ್ಟಿಗಲ್ಲ — ಆ ಬೂದು ಮುಖವನ್ನು ನಾನು ಮೊದಲೇ ನೋಡಿದ್ದೆ.

ಎಪ್ಪತ್ತರ ದಶಕದ ಕೊನೆ. ನಮ್ಮೂರ ರವಿವಾರ ಪೇಟೆಯ ಹಿಂದಿನ ಗಲ್ಲಿಯಲ್ಲಿ ನಿಮ್ಮ ಅಜ್ಜನ ಸ್ಟುಡಿಯೋ. ಏಳನೆಯ ಇಯತ್ತೆಯವರೆಗಷ್ಟೇ ಶಾಲೆ ಕಲಿತ ನನಗೆ ಗಿರಾಕಿಗಳ ಮುಂದೆ ಬಾಯಿ ಬಿಡಲು ನಾಚಿಕೆ. ಅದಕ್ಕೇ ಫೋಟೋ ತೊಳೆಯುವ ಕತ್ತಲೆ ಕೋಣೆಯ ಕೆಲಸ ಕಲಿತೆ. ಉಬ್ಬುಚಿತ್ರಕ್ಕೆ ನನ್ನ ಕೈ ಪಳಗಿತ್ತು. ನೆಗೆಟಿವ್‌ನಿಂದ ಇನ್ನೊಂದು ಫಿಲ್ಮಿಗೆ ಪಾಸಿಟಿವ್ ತೆಗೆದು, ಎರಡನ್ನೂ ಒಂದರ ಮೇಲೊಂದಿಟ್ಟು, ಕೂದಲೆಳೆಯಷ್ಟು ಸರಿಸಿ ಪ್ರಿಂಟ್ ಹಾಕಿದರೆ ಅಂಚುಗಳಷ್ಟೇ ಏಳುತ್ತವೆ — ನಮ್ಮೂರ ಕೋಟೆಯ ಬಸದಿಯ ಕಲ್ಲುಕಂಬದಿಂದ ಮುಖವೊಂದು ಹೊರಬಂದಂತೆ.

ಗಂಗವ್ವ ಬಂದದ್ದು ಮಳೆಗಾಲದಲ್ಲಿ. ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡ ಮಗಳು ಶಾಂತಾಳ ಒಂದೇ ಒಂದು ಫೋಟೋ ಅವಳ ಹತ್ತಿರವಿತ್ತು. ಖಾನಾಪುರದ ಕಡೆಯ ತೇವಕ್ಕೆ ಅದು ಚೌಕಟ್ಟಿನ ಗಾಜಿಗೆ ಅಂಟಿಕೊಂಡು ಕಲೆಯಾಗಿತ್ತು. ಉಬ್ಬುಚಿತ್ರ ಮಾಡಿದರೆ ಕಲೆ ಕಾಣುವುದಿಲ್ಲವೆಂದು ಅಜ್ಜ ಒಪ್ಪಿಕೊಂಡರು. "ಗಾಜು ನಾ ಬಂದು ಬಿಡಸ್ತೀನಿ, ನೀ ಮುಟ್ಟಬ್ಯಾಡ" ಎಂದು ನನಗೆ ಹೇಳಿ, ಎರಡು ದಿನದ ಕೆಲಸಕ್ಕೆ ಧಾರವಾಡಕ್ಕೆ ಹೋದರು.

ನಾನು ಮುಟ್ಟಿದೆ. ಅವರು ಬರುವಷ್ಟರಲ್ಲಿ ಮುಗಿಸಿ ಭೇಷ್ ಅನ್ನಿಸಿಕೊಳ್ಳುವ ಆಸೆ. ಅಂಟಿದ ಫೋಟೋವನ್ನು ತಣ್ಣೀರಿನಲ್ಲಿ ತಾಸುಗಟ್ಟಲೆ ನೆನೆಹಾಕಬೇಕು. ಅವಸರಕ್ಕೆ ನಾನು ಹಂಡೆಯ ಬಿಸಿನೀರು ಬೆರೆಸಿದೆ. ಸ್ವಲ್ಪ ಹೊತ್ತಿನಲ್ಲಿ ಶಾಂತಾಳ ಮುಖ ಕಾಗದ ಬಿಟ್ಟು, ಹಾಲಿನ ಕೆನೆಯಂತೆ ಸುಕ್ಕಾಗಿ, ತೇಲಿತು. ಬೆರಳಿನಿಂದ ಹಿಡಿಯಹೋದೆ — ಹರಿಯಿತು.

ಆಗ ಹೇಳಬಹುದಿತ್ತು. ಹೇಳುವ ಬದಲು, ಮದುವೆಯ ವರ್ಷ ಅಜ್ಜ ತೆಗೆದಿದ್ದ ನನ್ನದೇ ನೆಗೆಟಿವ್ ಹುಡುಕಿದೆ. ಶಾಂತಾಳ ಹಾಗೆಯೇ ಓರೆ ಮುಖ, ತಲೆಯ ಮೇಲೆ ಸೆರಗು, ಮೂಗುಬೊಟ್ಟು. ಅದರಿಂದ ಉಬ್ಬುಚಿತ್ರ ಮಾಡುವಾಗ ಫಿಲ್ಮನ್ನು ಬೇಕೆಂದೇ ತುಸು ಹೆಚ್ಚು ಸರಿಸಿದೆ, ಕಣ್ಣು ಯಾರದೆಂದು ತಿಳಿಯದಷ್ಟು.

ಗಂಗವ್ವ ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಬಂದಳು. ಹಳೆಯದು ಗಾಜು ಬಿಡಿಸುವಾಗ ಹಾಳಾಯಿತು, ಅದಕ್ಕೂ ಮೊದಲೇ ಅದರ ಫೋಟೋ ತೆಗೆದು ಇದನ್ನು ಮಾಡಿದ್ದೆ ಎಂದೆ. ಅವಳು ಪಟದ ಮೇಲೆ ಬೆರಳಾಡಿಸಿದಳು.

"ಕಣ್ಣಿಗೆ ಉಬ್ಬಿದಂಗ ಕಾಣತೈತಿ, ಕೈಗೆ ಹತ್ತವಲ್ದು. ನಮ್ಮ ಶಾಂತಾನ ಹೌದಿಲ್ಲೋ, ಯವ್ವಾ?"

"ಹೌದ್ರೀ. ನಿಮ್ಮ ಶಾಂತಾನ."

"ಗದ್ದ ನನ್ನಂಗ ಐತಿ ನೋಡ" ಎಂದು ಅವಳು ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಅಜ್ಜ ಬಂದು ಕೇಳಿದಾಗ, ಆಕೆ ಮನಸ್ಸು ಬದಲಿಸಿ ಫೋಟೋ ವಾಪಸ್ ಒಯ್ದಳೆಂದೆ. ಸುಳ್ಳು ಎರಡಾಯಿತು.

ಏಳೆಂಟು ವರ್ಷದ ಮೇಲೆ, ಸಂಬಂಧಿಕರ ಮನೆಗೆಂದು ಖಾನಾಪುರಕ್ಕೆ ಹೋದವಳು ಕಾಲು ಎಳೆದಂತಾಗಿ ಹತ್ತಿರದ ಹಳ್ಳಿಯಲ್ಲಿದ್ದ ಗಂಗವ್ವನ ಮನೆಗೆ ಹೋದೆ. ಗೋಡೆಯ ಮೇಲೆ ನಾನು, ಚೆಂಡುಹೂವಿನ ಮಾಲೆಯಲ್ಲಿ. ವರ್ಷಗಳ ಕುಂಕುಮ ಹಣೆಯ ಜಾಗದಲ್ಲಿ ದಪ್ಪಗೆ ಕೂತು, ಅಲ್ಲಿ ಮಾತ್ರ ಪಟ ನಿಜವಾಗಿಯೂ ಉಬ್ಬಿತ್ತು. ಗಂಗವ್ವ ಚಹಾ ಕೊಟ್ಟು ನನ್ನನ್ನೇ ನೋಡುತ್ತ ಕುಳಿತಳು.

"ನಿನ್ನ ನೋಡಿದ್ರ ನಮ್ಮ ಶಾಂತಾ ಬಂದು ಕುಂತಂಗ ಆಗತೈತಿ."

ನಾನು ಹಾಳುಮಾಡಿದ್ದು ಕಾಗದವನ್ನಷ್ಟೇ ಅಲ್ಲ ಎಂದು ಆಗ ತಿಳಿಯಿತು. ಅವಳ ನೆನಪಿನೊಳಗಿನ ಮಗಳನ್ನೂ ಅಳಿಸಿ, ಅಲ್ಲಿಯೂ ನಾನೇ ಕುಳಿತಿದ್ದೆ. ಬಾಯಿ ತೆರೆದೆ — ಚಹಾ ಕುಡಿದೆ. ಎದ್ದು ಬಂದೆ.

ಅದಾದ ಎರಡು ವರ್ಷಕ್ಕೆ ಗಂಗವ್ವ ತೀರಿಹೋದಳು. ಆಮೇಲೆ ನಿಮ್ಮ ಅಜ್ಜ. ಹೇಳಿಕೊಳ್ಳಲು ಯಾರೂ ಉಳಿಯಲಿಲ್ಲ ಎನ್ನುತ್ತೇನೆ — ಅವರು ಇದ್ದಾಗ ಹೇಳಿದೆನೇ? ಜನ ತುಂಬಿದ ಮನೆಯಲ್ಲಿಯೂ ಆ ಕತ್ತಲೆ ಕೋಣೆಯಲ್ಲೇ ಒಬ್ಬಳೇ ಇದ್ದೆ.

ಆ ಫೋಟೋವನ್ನು ಕೊನೆಯದಾಗಿ ನೋಡಿದವಳು ನಾನು. ಕಂಡದ್ದನ್ನು ಬರೆಯುತ್ತೇನೆ. ಶಾಂತಾಳ ಎಡ ಹುಬ್ಬಿನ ತುದಿಯಲ್ಲಿ ಸಣ್ಣ ಗಾಯದ ಗುರುತಿತ್ತು. ಕೆಳತುಟಿ ತುಸು ದಪ್ಪ. ಎಡಗಿವಿಯ ಬೆಂಡೋಲೆ ತಿರುಗಿಕೊಂಡಿತ್ತು. ನಗು ತಡೆದುಕೊಂಡಂಥ ಬಾಯಿ. ಗದ್ದ — ತಾಯಿಯದೇ.

ಇನ್ನು ಅವಳ ಪಟವೆಂದರೆ ಇಷ್ಟೇ, ಮಕ್ಕಳೇ. ಈ ಹಾಳೆಗಳನ್ನು ಜೋಪಾನವಾಗಿಡಿ, ನೀರು ತಾಗದ ಕಡೆ.