ಅಂಕಿಯಿಲ್ಲದ ಪುಟ

ದೆವ್ವ, ಶಕುನ, ಕನಸಿನ ಫಲ ಇವನ್ನೆಲ್ಲ ನಂಬುವವಳು ನಾನಲ್ಲ. ಹಲ್ಲಿ ಲೊಚಗುಟ್ಟಿದಾಗ ಅಮ್ಮ ನೆಲಕ್ಕೆ ಬೆರಳು ತಟ್ಟಿ ‘ಕೃಷ್ಣ ಕೃಷ್ಣ’ ಎಂದರೆ, ಪಾಪ ಹಲ್ಲಿಗೆ ಹಸಿವಾಗಿರಬೇಕು ಎಂದು ಹಾಸ್ಯ ಮಾಡುತ್ತಿದ್ದವಳು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಹಾಸ್ಯ ಮಾಡುವುದನ್ನು ಮಾತ್ರ ಬಿಟ್ಟಿದ್ದೇನೆ. ಯಾಕೆಂದು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಅಮ್ಮ ಇರುವವರೆಗೆ ಹೇಳುವ ಹಾಗೂ ಇರಲಿಲ್ಲ.

ನಮ್ಮದು ಮೂರು ತಲೆಮಾರಿನಿಂದ ತಮಿಳು ಸೀಮೆಯ ಪುರಸೈವಾಕ್ಕಂನಲ್ಲಿ ನೆಲೆಸಿದ ಕನ್ನಡ ಮಾಧ್ವರ ಮನೆ. ತಮ್ಮ ಶೀನು ನನಗಿಂತ ಆರು ವರ್ಷಕ್ಕೆ ಚಿಕ್ಕವನು. ಹಣ್ಣಾದ ಟೊಮೇಟೊ ತಾ ಎಂದು ಕಳಿಸಿದರೆ ಅರ್ಧಕ್ಕರ್ಧ ಕಾಯಿ ತರುತ್ತಿದ್ದ. ಅಪ್ಪ ಬೈಯುತ್ತಿದ್ದರು, ನಾವು ಅವನಿಗೆ ಸೋಮಾರಿ ಎಂದು ಹೆಸರಿಟ್ಟಿದ್ದೆವು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ನುಂಗಂಬಾಕ್ಕಂನ ಒಂದು ಕಣ್ಣಿನ ಕ್ಲಿನಿಕ್ಕಿಗೆ ಸಹಾಯಕಿಯಾಗಿ ಸೇರಿದೆ. ಅಲ್ಲಿ ಬಣ್ಣದ ಚುಕ್ಕೆಗಳ ಒಂದು ಪುಸ್ತಕವಿತ್ತು. ಪುಟದ ತುಂಬ ಚುಕ್ಕೆ, ಅವುಗಳ ನಡುವೆ ಬೇರೆ ಬಣ್ಣದ ಚುಕ್ಕೆಗಳಲ್ಲಿ ಮೂಡಿದ ಒಂದು ಅಂಕಿ. ಕೆಂಪು, ಹಸಿರು ಬೇರೆಬೇರೆಯಾಗಿ ಕಾಣದವರಿಗೆ ಆ ಅಂಕಿ ಸಿಕ್ಕುವುದಿಲ್ಲ. ಪುಸ್ತಕವನ್ನು ಮೊದಲ ಸಲ ತಿರುವಿದಾಗಲೇ ನನಗೆ ಟೊಮೇಟೊ ನೆನಪಾಯಿತು.

ಶೀನುವಿಗೆ ಇದ್ದದ್ದು ಒಂದೇ ಹುಚ್ಚು, ಸೈನ್ಯ. ಪುಳಿಚಾರು ತಿಂದವನು ಬಂದೂಕು ಹಿಡಿಯುತ್ತಾನಂತೆ ಎಂದು ನೆಂಟರು ನಗುತ್ತಿದ್ದರೂ ಅವನು ಜಗ್ಗಲಿಲ್ಲ. ಆಫೀಸರ್ ಹುದ್ದೆಯ ಲಿಖಿತ ಪರೀಕ್ಷೆ, ಸಂದರ್ಶನ ಎರಡನ್ನೂ ದಾಟಿದ. ಉಳಿದದ್ದು ವೈದ್ಯಕೀಯ ತಪಾಸಣೆ ಒಂದೇ. ಅದರಲ್ಲಿ ಈ ಪುಸ್ತಕವನ್ನು ಮುಂದೆ ಹಿಡಿಯುತ್ತಾರೆಂದು ನಾನೇ ಅವನಿಗೆ ಹೇಳಿದೆ. ಅವನ ಮುಖ ಸಣ್ಣಗಾಯಿತು. ಅದನ್ನು ನೋಡಲಾರದೆ ಶನಿವಾರ ಕ್ಲಿನಿಕ್ಕಿನ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ತಂದೆ. ತಪ್ಪೆಂದು ಗೊತ್ತಿತ್ತು.

ನಮ್ಮ ಮನೆಯಲ್ಲಿ ಮಕ್ಕಳು ಏನು ಕಲಿತರೂ ಸಂಜೆ ದೀಪ ಹಚ್ಚಿದ ಮೇಲೆ, ದೇವರ ಮುಂದೆ ಕುಳಿತು, ಸ್ತೋತ್ರದ ಧಾಟಿಯಲ್ಲಿ ಬಾಯಿಪಾಠ. ಅಂಕಿಗಳನ್ನೂ ಹಾಗೆಯೇ ಕಲಿಸಿದೆ. ಹನ್ನೆರಡು, ಎಂಟು, ಆರು, ಇಪ್ಪತ್ತೊಂಬತ್ತು ಎಂದು ನಾನು ಹೇಳಿಕೊಡುತ್ತಿದ್ದೆ, ಅವನು ತಲೆಯಾಡಿಸುತ್ತ ಹೇಳುತ್ತಿದ್ದ. ಇದು ಯಾವ ಸ್ತೋತ್ರವೋ ಎಂದು ಅಮ್ಮ ಅಡುಗೆಮನೆಯಿಂದ ಕೇಳಿದರೆ, ಸೈನ್ಯದ ಸಹಸ್ರನಾಮ ಎಂದ.

ಕೊನೆಯ ಕಡೆಗೆ ಒಂದು ಪುಟ ಮಾತ್ರ ತಿರುವುಮುರುವು. ನಮ್ಮಂಥವರಿಗೆ ಅದರಲ್ಲಿ ಬರೀ ಚುಕ್ಕೆ, ಅಂಕಿಯೇ ಇಲ್ಲ. ಬಣ್ಣ ತಿಳಿಯದವರಿಗೆ ಮಾತ್ರ ಅಲ್ಲೊಂದು ಅಂಕಿ ಕಾಣುತ್ತದೆ. ಶೀನು ಆ ಪುಟದ ಮೇಲೆ ಬೆರಳಿಟ್ಟ.

“ಅಕ್ಕಾ, ಎಲ್ರಿಗೂ ಕಾಣೋ ಮೊದಲ್ನೇ ಪುಟ ಬಿಟ್ರೆ ಇದೊಂದೇ ನಂಗೆ ತೆಳಿವಾ ಕಾಣತ್ತೆ. ನಲವತ್ತೈದು.”

“ಕಂಡ್ರೂ ಇಲ್ಲ ಅನ್ನು. ಅಲ್ಲಿ ಏನೂ ಇಲ್ಲ.”

“ಇದೆಯಲ್ಲಕ್ಕಾ.”

“ಇಲ್ಲ ಅಂದ್ರೇನೇ ಕಣೋ ನೀನು ಸೈನ್ಯಕ್ಕೆ ಹೋಗೋದು.”

ಸ್ವಲ್ಪ ಹೊತ್ತು ಆ ಪುಟವನ್ನೇ ನೋಡಿ, “ಸರಿ, ಒಣ್ಣುಮಿಲ್ಲೆ,” ಎಂದು ತಮಿಳಿನಲ್ಲಿ ಹೇಳಿ ನಕ್ಕ. ಏನೂ ಇಲ್ಲ ಎಂದು.

ತಪಾಸಣೆಯಲ್ಲಿ ಪುಟಗಳನ್ನು ಅದೇ ಕ್ರಮದಲ್ಲಿ ತಿರುವಿದರಂತೆ. ಪಾಸಾದ. ಅಪ್ಪ ಬೀದಿಗೆಲ್ಲ ಮೈಸೂರುಪಾಕು ಹಂಚಿದರು.

ಅವನು ಸೈನ್ಯ ಸೇರಿ ಮೂರು ವರ್ಷವಾಗಿತ್ತು. ಒಂದು ಮಧ್ಯಾಹ್ನ, ನಾಲ್ಕು ಗಂಟೆ ಆಗಿರಬೇಕು, ಕ್ಲಿನಿಕ್ಕಿಗೆ ಬಂದ ಶಾಲೆಯ ಹುಡುಗಿಯೊಬ್ಬಳ ಮುಂದೆ ಅದೇ ಪುಸ್ತಕ ಹಿಡಿದು ಕುಳಿತಿದ್ದೆ. ಅವಳು ಪಟಪಟನೆ ಅಂಕಿ ಓದುತ್ತಿದ್ದಳು. ಎರಡನೆಯ ಪುಟಕ್ಕೆ ಬಂದಾಗ ನನಗೆ ಅಂಕಿ ಕಾಣಲಿಲ್ಲ. ಕಣ್ಣುಜ್ಜಿಕೊಂಡೆ. ಮೂರನೆಯದೂ ಇಲ್ಲ, ನಾಲ್ಕನೆಯದೂ ಇಲ್ಲ. ಪುಟವೆಲ್ಲ ಒಂದೇ ಮಣ್ಣು ಬಣ್ಣ. ಕಿಟಕಿಯಾಚೆ ಗುಲ್‌ಮೊಹರ್ ಮರ ಮೈತುಂಬ ಹೂ ಬಿಟ್ಟಿತ್ತು, ಹೂವು ಯಾವುದು ಎಲೆ ಯಾವುದು ತಿಳಿಯಲಿಲ್ಲ. ಮಗು ಹೆದರೀತೆಂದು ಪುಟ ತಿರುವುತ್ತಲೇ ಹೋದೆ. ಆ ಪುಟ ಬಂತು. ಹುಡುಗಿ, ಇದರಲ್ಲಿ ಏನೂ ಇಲ್ಲ ಎಂದಳು. ನನಗೆ ಇತ್ತು. ನಲವತ್ತೈದು, ಗೋಡೆಯ ಮೇಲೆ ಬರೆದ ಹಾಗೆ. ಬೆರಳಿನಿಂದ ಅದರ ಮೇಲೆ ತಿದ್ದಿ ನೋಡಿದೆ.

ಕಾಲು ಗಂಟೆಯಲ್ಲಿ ಎಲ್ಲ ಸರಿಯಾಯಿತು. ಡಾಕ್ಟರು ದೀಪ ಹಿಡಿದು ನೋಡಿ, ಕಣ್ಣಿನಲ್ಲಿ ದೋಷವಿಲ್ಲ, ಊಟ ಬಿಟ್ಟಿದ್ದೀಯಾ ಎಂದು ಕೇಳಿದರು. ಬಿಟ್ಟಿರಲಿಲ್ಲ. ಮನೆಗೆ ಹೋಗುವಷ್ಟರಲ್ಲಿ ಫೋನು ಬಂದಿತ್ತು. ಅಪ್ಪ ರಿಸೀವರನ್ನು ಕೆಳಗಿಡದೆ ಹಾಗೇ ಹಿಡಿದು ನಿಂತಿದ್ದರು.

ಶೀನುವಿನ ದೇಹದ ಜೊತೆ ಬಂದ ಆಫೀಸರು ನಡೆದದ್ದನ್ನು ಹೇಳಿದರು. ಗುಂಡು ಹಾರಿಸುವ ಅಭ್ಯಾಸದ ಬಯಲು, ಹುಲ್ಲು ತುಂಬಿದ ಹಸಿರು ಇಳಿಜಾರು. ಸಿಡಿಯದೆ ಉಳಿದ ಶೆಲ್ಲುಗಳಿದ್ದ ಜಾಗದ ಸುತ್ತ ಕೆಂಪು ಬಾವುಟ ನೆಟ್ಟಿದ್ದರು. ಒಳಗೆ ಒಬ್ಬ ಜವಾನ ಕಾಲು ಮುರಿದುಕೊಂಡು ಬಿದ್ದಿದ್ದ. ಶೀನು ಬಾವುಟಗಳನ್ನು ದಾಟಿ ನೇರ ಓಡಿದನಂತೆ, ಕಾಲಡಿ ಶೆಲ್ಲೊಂದು ಸಿಡಿಯಿತಂತೆ. ಜವಾನ ಬದುಕಿದ. ಹೊತ್ತು ಎಷ್ಟಾಗಿತ್ತೆಂದು ನಾನು ಕೇಳಿದೆ. ನಾಲ್ಕು ಗಂಟೆಯ ಸುಮಾರು ಎಂದರು.

“ಬಾವ್ಟ ಕಂಡೂ ಹೋದ ನನ್ಮಗ,” ಎಂದು ಅಮ್ಮ ಸಾಯುವವರೆಗೂ ಬಂದವರಿಗೆಲ್ಲ ಹೇಳಿದರು. ಅದೊಂದು ಮಾತಿನ ಮೇಲೆ ಜೀವ ಹಿಡಿದಿದ್ದರು. ನಾನು ಪಕ್ಕದಲ್ಲಿ ಕುಳಿತು ಹೂಂಗುಟ್ಟುತ್ತಿದ್ದೆ. ಕಂಡು ಹೋದನೋ, ಕಾಣದೆ ಹೋದನೋ, ನನಗೆ ಗೊತ್ತಿಲ್ಲ. ಆ ಪುಸ್ತಕವನ್ನು ನಾನು ಮನೆಗೆ ತರದಿದ್ದರೆ ಎಲ್ಲೋ ಒಂದು ಆಫೀಸಿನಲ್ಲಿ ಗುಮಾಸ್ತನಾಗಿ, ನನ್ನ ಮೇಲೆ ಸಿಟ್ಟು ಮಾಡಿಕೊಂಡಾದರೂ ಬದುಕಿರುತ್ತಿದ್ದ.

ಹಳೆಯ ನೆನಪು ಕಣ್ಣಿಗೆ ಕಟ್ಟಿರಬೇಕು ಎಂದು ನೀವು ಹೇಳಬಹುದು. ನಾನೂ ನನಗೆ ಹಾಗೆಯೇ ಹೇಳಿಕೊಂಡು ನೋಡಿದ್ದೇನೆ. ಆಮೇಲೆ ಆ ಪುಟವನ್ನು ಎಷ್ಟು ಸಲ ತೆರೆದಿದ್ದೇನೋ ಲೆಕ್ಕವಿಲ್ಲ, ಬರೀ ಚುಕ್ಕೆ. ಆ ಕಾಲು ಗಂಟೆ ಅವನ ಕಣ್ಣು ನನಗೆ ಬಂದಿತ್ತೆಂದೇ ಅನ್ನಿಸುತ್ತದೆ. ಬಂದಾದರೂ ಏನಾಯಿತು? ಆ ಇಳಿಜಾರಿನಲ್ಲಿ ಅವನಿಗೆ ಬಾವುಟ ಕಂಡಿತೇ ಎಂಬುದನ್ನು ಅದು ತೋರಿಸಲಿಲ್ಲ. ಇಲ್ಲ ಅನ್ನು ಎಂದು ನಾನು ಕಲಿಸಿದ್ದನ್ನು ಮಾತ್ರ ತೋರಿಸಿತು. ಆ ಅಂಕಿ ಅಲ್ಲಿ ಇತ್ತು.