ಅಜ್ಜಿಯ ಕಥೆ ಸಂತೆಗೆ ಹೋದದ್ದು

ಹಾರನಹಳ್ಳಿಯ ನನ್ನ ಅಜ್ಜಿ, ಅಂದರೆ ಅಮ್ಮನ ತಾಯಿ, ಕಥೆ ಹೇಳುವುದಕ್ಕೆ ಎರಡು ಕಟ್ಟಳೆ ಇಟ್ಟುಕೊಂಡಿದ್ದಳು. ಒಂದು, ದೀಪ ಹಚ್ಚುವ ಮುಂಚೆ ಬಾಯಿ ಬಿಡುತ್ತಿರಲಿಲ್ಲ. ಹಗಲು ಹೊತ್ತಿನಲ್ಲಿ ಕಥೆ ಹೇಳಿದರೆ ಎಲ್ಲೋ ನಡೆದು ಹೋಗುತ್ತಿರುವ ದಾರಿಹೋಕನಿಗೆ ದಾರಿ ತಪ್ಪುತ್ತದಂತೆ. ಎರಡು, ಕೇಳುವವರು ಮಾತಿಗೊಮ್ಮೆ ‘ಹೂಂ’ ಅನ್ನಬೇಕು. ಹೂಂ ನಿಂತರೆ ಕಥೆಯೂ ಅಲ್ಲೇ ನಿಂತಿತು. ಆಮೇಲೆ ಕಾಲು ಹಿಡಿದರೂ ಮುಂದೆ ಹೋಗದು. ಅವಳಿಗೆ ಅಕ್ಷರ ಗೊತ್ತಿರಲಿಲ್ಲ. ಆದರೆ ನಾನು ಶಾಲೆಯಲ್ಲಿ ಮಕ್ಕಳಿಗೆ ಹಂಚಿದ ಕನ್ನಡದಲ್ಲಿ ಮುಕ್ಕಾಲು ಪಾಲು ಅವಳದೇ.

ಐವತ್ತರ ದಶಕದ ಕೊನೆ. ನಾನಾಗ ಅರಸೀಕೆರೆಯಲ್ಲಿ ಹುಡುಗಿಯರ ಮಿಡ್ಲ್ ಸ್ಕೂಲಿನ ಟೀಚರು. ಬೇಸಿಗೆ ರಜದಲ್ಲಿ ಸ್ಟೇಷನ್ನಿನ ಹತ್ತಿರದ ಛತ್ರದಲ್ಲಿ ಸಣ್ಣ ಪುಸ್ತಕಗಳ ಸಂತೆ ಇಡುತ್ತೇವೆಂದು ಊರಿನ ಕನ್ನಡದ ಉತ್ಸಾಹಿಗಳು ಸಾರಿದರು. ದೊಡ್ಡ ಅಂಗಡಿಯವರಿಗೆ ಜಾಗವಿಲ್ಲ. ಕೈಬರಹದ ಪತ್ರಿಕೆ ಮಾಡುವವರು, ಮನೆಯಲ್ಲೇ ಬರೆದು ಹೊಲಿದ ಪುಸ್ತಕ ತರುವವರು ಯಾರು ಬೇಕಾದರೂ ಬರಬಹುದು. ಕೇಳಿದ್ದೇ ತಡ, ನಮ್ಮ ಶಾಲೆಯ ಡ್ರಾಯಿಂಗ್ ಮೇಡಂ ನನ್ನ ಬೆನ್ನು ಹತ್ತಿದರು. ಬೇಲೂರಿನವರು, ದೇವಸ್ಥಾನದ ಸೇವೆಯ ಮನೆತನ.

“ನಿಮ್ಮಜ್ಜಿ ಕಥೆ ನೀವು ಬರೀರಿ, ಚಿತ್ರ ನಾನು ಹಾಕ್ತೀನಿ. ಒಂದು ಪುಸ್ತಕ ಆಗತ್ತೆ ಕಣ್ರೀ. ರಜಾ ಪೂರ್ತಿ ಹಪ್ಪಳ ಒತ್ತೋದು ತಪ್ಪತ್ತೆ.”

ಹಾರನಹಳ್ಳಿಗೆ ಹೋಗಿ ಅಜ್ಜಿಯನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಪಕ್ಕದ ಮನೆಗೆ ಬ್ಯಾಟರಿ ರೇಡಿಯೋ ಬಂದಾಗಿನಿಂದ ಸಂಜೆಯಾದರೆ ಮೊಮ್ಮಕ್ಕಳೆಲ್ಲ ಅಲ್ಲಿ. ಹೂಂ ಅನ್ನುವವರಿಲ್ಲದೆ ಅವಳು ಒಬ್ಬಳೇ ಬತ್ತಿ ಹೊಸೆಯುತ್ತ ಕೂತಿರುತ್ತಿದ್ದಳು. ಮೂರು ಸಂಜೆ ಮೂರು ಕಥೆ ಹೇಳಿದಳು, ನಾನು ಹೂಂ ಅನ್ನುತ್ತಲೇ ಬರೆದುಕೊಂಡೆ. ನಾಲ್ಕನೆಯ ಸಂಜೆ ಹೊಸದೊಂದು ಶುರು ಮಾಡಿದಳು. ಗಂಡನ ಮನೆಯಲ್ಲಿ ಸೊಸೆ ನಗಬಾರದೆಂದು ಅತ್ತೆಯ ಕಟ್ಟಪ್ಪಣೆ. ಸೊಸೆ ಪಾಪ, ನಗು ಬಂದಾಗಲೆಲ್ಲ ಅಟ್ಟಕ್ಕೆ ಓಡಿ ಒಂದು ಮಡಕೆಯೊಳಗೆ ನಕ್ಕು ಮುಚ್ಚಳ ಮುಚ್ಚುತ್ತಾಳೆ. ಒಂದು ದಿನ ಅತ್ತೆಗೆ ಅನುಮಾನ ಬಂದು ಅಟ್ಟ ಹತ್ತಿ ಮುಚ್ಚಳದ ಮೇಲೆ ಕೈಯಿಟ್ಟಳು. ಅಷ್ಟಕ್ಕೆ ಅಜ್ಜಿ ನಿಲ್ಲಿಸಿಬಿಟ್ಟಳು.

“ಹೂಂ ಅಂದ್ನಲ್ಲ ಅಜ್ಜಿ!”

“ಅಂದೆ. ಮೊದ್ಲು ಆ ಮೂರು ಮಾರ್ಕೊಂಡ್ ಬಾ. ಈ ಮುದುಕಿ ಕತೆ ಯಾರಿಗ್ ಬೇಕು ಅಂತ ಒಂದು ವಾಪಸ್ ಬಂದ್ರೂ ಸೈ, ಇನ್ ನನ್ ಬಾಯಿಂದ ಕತೆ ಬರಾಕಿಲ್ಲ.”

ನಗುತ್ತಲೇ ಹೇಳಿದಳು. ಬತ್ತಿ ಹೊಸೆಯುವ ಕೈ ಮಾತ್ರ ನಿಂತಿತ್ತು.

ಶಾಲೆಯಲ್ಲಿ ಪ್ರಶ್ನೆಪತ್ರಿಕೆಯ ಪ್ರತಿ ತೆಗೆಯಲು ಒಂದು ತಗಡಿನ ತಟ್ಟೆಯಿತ್ತು. ಅದರಲ್ಲಿ ಅಂಟನ್ನೂ ಗ್ಲಿಸರಿನ್ನನ್ನೂ ಕಾಯಿಸಿ ಹೊಯ್ದರೆ ಹಾಲುಬಾಯಿಯಂತೆ ಗಟ್ಟಿಯಾಗುತ್ತದೆ. ನೇರಳೆ ಶಾಯಿಯಲ್ಲಿ ಬರೆದ ಹಾಳೆಯನ್ನು ಅದರ ಮೇಲೆ ಒತ್ತಿ ತೆಗೆದು, ಆಮೇಲೆ ಬಿಳಿ ಹಾಳೆಗಳನ್ನು ಒಂದೊಂದಾಗಿ ಒತ್ತುತ್ತ ಹೋದರೆ ಪ್ರತಿಗಳು ಬರುತ್ತವೆ. ಮೊದಲಿನವು ಕಡುನೇರಳೆ, ಬರಬರುತ್ತ ಮಾಸಲು. ಹೆಡ್‌ಮಿಸ್ಟ್ರೆಸ್ಸರನ್ನು ಕೇಳಿಕೊಂಡು ಅದನ್ನು ಮೇಡಂ ಮನೆಗೆ ಒಯ್ದೆವು. ನಲವತ್ತು ಪ್ರತಿಗಳಾದವು. ಬಟ್ಟೆ ಅಂಗಡಿಯ ಕಂದು ಕಾಗದದ ರಟ್ಟು, ಅದರ ಮೇಲೆ ಮೇಡಂ ಬಿಡಿಸಿದ, ಮೊದಲ ಕಥೆಯಲ್ಲಿ ಬರುವ ಒರಳುಕಲ್ಲು, ದಬ್ಬಣದಲ್ಲಿ ಗೋಣಿ ದಾರದ ಹೊಲಿಗೆ. ನಾಲ್ಕು ದಿನ ನಮ್ಮಿಬ್ಬರ ಬೆರಳೂ ನೇರಳೆ. ಮೇಡಂ ಮನೆಯವರು ಅನ್ನ ಬಡಿಸಿಕೊಳ್ಳುವಾಗ ನಮ್ಮ ಕೈ ನೋಡಿ ನೋಡಿ ನಗುತ್ತಿದ್ದರು.

ಸಂತೆಯ ದಿನ ಛತ್ರದ ಜಗಲಿಯ ಮೇಲೆ ಚಾಪೆ ಹಾಸಿ ಕೂತೆವು. ಪಕ್ಕದಲ್ಲಿ ಹಳೇಬೀಡಿನ ಒಬ್ಬ ನಿವೃತ್ತ ಮೇಷ್ಟ್ರು. ದೇವಸ್ಥಾನ ನೋಡಲು ಬರುವವರಿಗಾಗಿ ಯಾವ ಗೋಡೆಯಲ್ಲಿ ಯಾವ ಶಿಲ್ಪ, ಕುಡಿಯುವ ನೀರು ಎಲ್ಲಿ ಎಂದೆಲ್ಲ ಬರೆದು ತಾವೇ ಅಚ್ಚು ಹಾಕಿಸಿದ ಸಣ್ಣ ಪುಸ್ತಕ ಅವರದು. ನಮ್ಮದನ್ನೊಂದು ತಿರುಗಿಸಿ ನೋಡಿ, ಕನ್ನಡಕದ ಮೇಲಿಂದ ಕೇಳಿದರು.

“ಏನಮ್ಮಾ, ಪರೀಕ್ಷೆ ಪೇಪರ್ ಮಾರೋಕೆ ಬಂದ್ರಾ?”

“ಉತ್ತರ ಗೊತ್ತಿರೋರು ಕೊಂಡ್ಕೋಬಹುದು ಸಾರ್” ಎಂದರು ಮೇಡಂ. ಮೇಷ್ಟ್ರು ನಕ್ಕರೇ ಹೊರತು ಕೊಳ್ಳಲಿಲ್ಲ.

ಮಧ್ಯಾಹ್ನದವರೆಗೆ ಯಾರೂ ಕೊಳ್ಳಲಿಲ್ಲ. ರೈಲಿಗೆ ಕಾಯುವವರು ಹೊತ್ತು ಕಳೆಯಲು ಬರುತ್ತಾರೆ, ಒರಳುಕಲ್ಲಿನ ಚಿತ್ರ ನೋಡಿ ಅಡುಗೆ ಪುಸ್ತಕವೇ ಎಂದು ಕೇಳುತ್ತಾರೆ, ಹೋಗುತ್ತಾರೆ. ನಲವತ್ತೂ ಪ್ರತಿ ಹೊತ್ತು ಹಾರನಹಳ್ಳಿಗೆ ಹೋಗಬೇಕಾದೀತೆಂದು ನಾನು ಅವನ್ನು ಮತ್ತೆ ಮತ್ತೆ ಎಣಿಸುತ್ತ ಕೂತೆ. ಅಷ್ಟರಲ್ಲಿ ಹಾಸನದ ಕಡೆಯ ಗಾಡಿಯಿಂದ ಇಳಿದ ಒಬ್ಬ ರೈತ, ಹೆಗಲ ಮೇಲೆ ಹಲಸಿನಹಣ್ಣು ಹೊತ್ತು, ನೆರಳಿಗೆಂದು ಬಂದ. ಹಣ್ಣಿನ ವಾಸನೆಗೆ ಛತ್ರವೇ ತಿರುಗಿ ನೋಡಿತು.

“ಏನೈತವ್ವ ಇದ್ರಾಗೆ?”

“ಕಥೆ.”

“ಹಂಗಾರೆ ಒಂದು ಹೇಳವ್ವ. ತಿಪಟೂರಿಗೆ ಮಗಳ ಮನೀಗೆ ಹೊಂಟಿವ್ನಿ, ಗಾಡಿಗಿನ್ನೂ ಹೊತ್ತೈತೆ. ಓದಾಕೆ ನಂಗ್ ಬರಾಕಿಲ್ಲ.”

ನೆತ್ತಿಯ ಮೇಲೆ ಸೂರ್ಯ. ಅಜ್ಜಿಯ ಕಟ್ಟಳೆ ನೆನಪಾಯಿತು, ಮೇಡಂ ಮೊಣಕೈಯಿಂದ ತಿವಿದದ್ದೂ ಆಯಿತು. ದಾರಿಹೋಕರೆಲ್ಲ ನನ್ನನ್ನು ಕ್ಷಮಿಸಲಿ ಅಂದುಕೊಂಡು ಪುಸ್ತಕ ತೆರೆದು ಮೊದಲ ಕಥೆ ಓದತೊಡಗಿದೆ. ಒಂದು ವಾಕ್ಯವಾಯಿತು, ಎರಡಾಯಿತು. ನನಗೆ ಮುಂದೆ ಓದಲಾಗದು. ಹೂಂ ಇಲ್ಲದೆ ಆ ಕಥೆ ಕೇಳಿಯೇ ಗೊತ್ತಿಲ್ಲ. ತಲೆ ಎತ್ತಿದೆ. ಆಗ ಪಕ್ಕದಿಂದ ಗಟ್ಟಿಯಾಗಿ “ಹೂಂ” ಎಂದರು ಮೇಷ್ಟ್ರು. ಹಲಸಿನಹಣ್ಣಿನವನೂ ಅಂದ. ಕಥೆ ಮುಗಿಯುವ ಹೊತ್ತಿಗೆ ಜಗಲಿಯ ತುಂಬ ಹೂಂ. ಮೇಡಂ ಕೈ ಬಿಡುವಿಲ್ಲದೆ ಪುಸ್ತಕ ಕೊಡುತ್ತಿದ್ದರು. ಮೇಷ್ಟ್ರೂ ಒಂದು ಕೊಂಡು, “ಪಾಸಾದ್ರಿ ಕಣಮ್ಮಾ” ಎಂದರು.

“ಇನ್ನೊಂದ್ ಹೇಳವ್ವ” ಎಂದ ರೈತ. ಪುಸ್ತಕದಲ್ಲಿರುವುದನ್ನೆಲ್ಲ ಬಾಯಲ್ಲೇ ಹೇಳಿಬಿಟ್ಟರೆ ಉಳಿದವನ್ನು ಕೊಳ್ಳುವವರು ಯಾರು? ಹಾಗೆಂದು ಪುಸ್ತಕದಲ್ಲಿಲ್ಲದ ಆ ನಗುವಿನ ಮಡಕೆಯ ಕಥೆ ಎತ್ತಿಕೊಂಡೆ. ಬುದ್ಧಿಗೇಡಿತನ. ಹೂಂ ಮೇಲೆ ಹೂಂ ಬಿದ್ದಂತೆ ನನಗೂ ಹುರುಪೇರಿ, ಹೇಳುತ್ತ ಹೇಳುತ್ತ ಅತ್ತೆಯನ್ನು ಅಟ್ಟ ಹತ್ತಿಸಿ, ಮುಚ್ಚಳದ ಮೇಲೆ ಕೈಯಿಡಿಸಿ, ನಿಂತೆ.

“ಹೂಂ” ಎಂದ ರೈತ.

“ಅಷ್ಟೇ ನಂಗೆ ಗೊತ್ತಿರೋದು.”

“ಅಷ್ಟೇಯಾ? ಮುಚ್ಚಳ ತಗುದ್ಲೋ ಇಲ್ವೋ?”

ಅದೇ ಹೊತ್ತಿಗೆ ಸ್ಟೇಷನ್ನಿನಿಂದ ಸಿಳ್ಳು ಕೇಳಿತು. ರೈತ ಹಣ್ಣು ಹೊತ್ತುಕೊಂಡು ಓಡಿದ. ಸ್ವಲ್ಪ ಹೊತ್ತಿಗೆ ಹಣ್ಣಿನ ಸಮೇತ ಹಿಂದಿರುಗಿದ. ತಿಪಟೂರಿನ ಗಾಡಿ ಹೊರಟುಹೋಗಿತ್ತು. ಬೈಯುತ್ತಾನೆಂದು ನಾನು ಎದ್ದು ನಿಂತರೆ, ಅವನು ಕೂತು ಬೆವರೊರೆಸಿಕೊಂಡು, “ಬಸ್ಸಿಗೆ ಹೋಯ್ತೀನಿ ಬುಡು. ಬರೋ ಭಾನ್ವಾರ ಮಧ್ಯಾಹ್ನದ ಗಾಡೀಲಿ ವಾಪಸ್ ಬತ್ತೀನಿ. ಟೇಸನ್ ತಾವ ಬಂದು ಉಳಿದಿದ್ದು ಹೇಳ್ಬೇಕು ನೀನು. ಗಾಡಿ ತಪ್ಸಿದ್ದೀಯ ನಂಗೆ” ಎಂದ. ಮೊಮ್ಮಗಳು ಓದುತ್ತಾಳೆಂದು ಒಂದು ಪುಸ್ತಕವನ್ನೂ ಕೊಂಡ.

ಸಂಜೆ ಚಾಪೆ ಸುತ್ತುವಾಗ ಎರಡು ಪ್ರತಿ ಉಳಿದಿದ್ದವು. ತಟ್ಟೆಯಿಂದ ಕೊನೆಗೆ ತೆಗೆದವು. ಅಕ್ಷರ ಇದೆಯೋ ಇಲ್ಲವೋ ಅನ್ನುವಷ್ಟು ಮಾಸಲು.

“ನಾವೇ ಒಂದೊಂದು ಇಟ್ಕೊಂಡ್ರೆ ಆಯ್ತಪ್ಪ. ಎಲ್ಲಾ ಹೋಯ್ತು ಅಂತ ಹೇಳಿ” ಎಂದರು ಮೇಡಂ. ಕಥೆಯಲ್ಲಿ ಎಷ್ಟು ಸುಳ್ಳು ಬೇಕಾದರೂ ಹೇಳಿದ ಅಜ್ಜಿಗೆ, ಕಥೆಯ ಬಗ್ಗೆ ಸುಳ್ಳು ಹೇಳುವುದು ಹೇಗೆ?

ಮರುದಿನ ಬೆಳಗಿನ ಬಸ್ಸಿಗೆ ಹಾರನಹಳ್ಳಿಗೆ ಹೋದೆ. ಅಜ್ಜಿ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಎರಡೂ ಪ್ರತಿಗಳನ್ನು ಅವಳ ಮುಂದಿಟ್ಟೆ. ಮೊರ ಕೆಳಗಿಟ್ಟು ಒಂದನ್ನು ಎತ್ತಿಕೊಂಡು ಹೊಲಿಗೆಯ ಮೇಲೆ ಬೆರಳಾಡಿಸಿದಳು.

“ಬಂತಲ್ಲ ವಾಪಸ್ಸು.”

“ಮೂವತ್ತೆಂಟು ಹೋದ್ವು ಅಜ್ಜಿ. ಇವೆರಡು ಓದಕ್ಕೆ ಕಾಣಲ್ಲ, ಅದಕ್ಕೆ. ಇನ್ನೂ ಒಂದು ತಪ್ಪು ಮಾಡಿದೀನಿ. ಹಗಲಲ್ಲಿ ಹೇಳ್ಬಿಟ್ಟೆ.”

ಅಜ್ಜಿಯ ಹುಬ್ಬು ಮೇಲೇರಿತು. “ಯಾರ್ ದಾರಿ ತಪ್ಪಿದ್ರು?”

ಹಲಸಿನಹಣ್ಣಿನವನ ಸಂಗತಿ ಹೇಳತೊಡಗಿದೆ. ನಡುವೆ ಒಂದು ಕಡೆ ಉಸಿರು ತೆಗೆದುಕೊಂಡಾಗ ಅಜ್ಜಿ “ಹೂಂ” ಅಂದಳು. ಅವಳ ಬಾಯಲ್ಲಿ ನಾನು ಅದನ್ನು ಕೇಳಿದ್ದು ಅದೇ ಮೊದಲು. ಗಾಡಿ ತಪ್ಪಿತು ಎಂದದ್ದೇ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

“ರೇಡಿಯೋ ಕೇಳಿ ಯಾರಾದ್ರೂ ಗಾಡಿ ತಪ್ಪಿಸ್ಕೊಂಡವ್ರಾ ಕೇಳು!” ಎಂದು ಪಕ್ಕದ ಮನೆಗೆ ಕೇಳಿಸುವಂತೆ ಹೇಳಿದಳು. “ಕೂತ್ಕೊ. ಉಳಿದಿದ್ ಹೇಳ್ತೀನಿ.”

“ಈಗ್ಲೇನಾ? ಬಿಸಿಲು ಅಜ್ಜಿ.”

“ದಾರಿ ತಪ್ಪೋನು ಆಗ್ಲೇ ತಪ್ಪವ್ನೆ, ಇನ್ಯಾರ್ ತಪ್ಪಬೇಕು? ಹೂಂ ಅನ್ನು.”

ಭಾನುವಾರ ಮೇಡಂ, ನಾನು ಸ್ಟೇಷನ್ನಿನ ಬೆಂಚಿನ ಮೇಲೆ ಕಾದಿದ್ದೆವು. ರೈತ ಹೇಳಿದ ಮಾತಿನಂತೆ ಇಳಿದ. ಹಾಸನದ ಗಾಡಿಗೆ ಇನ್ನೂ ಸಮಯವಿದೆಯೆಂದು ಗಡಿಯಾರ ನೋಡಿಕೊಂಡೇ ಶುರು ಮಾಡಿದೆ. ಅತ್ತೆ ಮುಚ್ಚಳ ತೆಗೆಯಲಿಲ್ಲ; ಮಡಕೆಯನ್ನು ಪಕ್ಕಕ್ಕೆ ಸರಿಸಿದಳು. ಅದರ ಹಿಂದೆ, ಮಸಿ ಹಿಡಿದು ಕಪ್ಪಾಗಿದ್ದ ಇನ್ನೊಂದು ಮಡಕೆ ಇತ್ತು. ತಾನು ಸೊಸೆಯಾಗಿ ಬಂದಾಗ ಅದರೊಳಗೆ ನಕ್ಕು, ಬಚ್ಚಿಟ್ಟು ಮರೆತದ್ದು. ಅತ್ತೆ ಸೊಸೆಯನ್ನು ಕೂಗಿ ಕರೆದಳು, ಇಬ್ಬರೂ ಸೇರಿ ಎರಡೂ ಮುಚ್ಚಳ ತೆಗೆದರು.

“ಹೂಂ” ಎಂದ ರೈತ. ನಾವು ಅವನನ್ನು ಗಾಡಿ ಹತ್ತಿಸಿಯೇ ಮನೆಗೆ ಹೋದೆವು.