ಹಿಂಬಾಗಿಲ ಜಗಲಿಯ ಸೂಪು

ಅಮೆರಿಕದ ನೆಬ್ರಾಸ್ಕದ ನಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಹೋಟೆಲಿನವರು ಯಮನಿಗೆ ಹೆದರದಿದ್ದರೂ ಲುಡ್ಮಿಲಾ ವೊಂದ್ರಾಗೆ ಹೆದರುತ್ತಿದ್ದರು. ಅಡುಗೆಮನೆಗಳ ತಪಾಸಣೆ ಅವಳ ಕೆಲಸ. ಅಂಥವಳೇ ಆ ದಿನ ಹೆದರಿದ್ದಳು ಅಂದರೆ ನಂಬಿ.

ಕಾರಣ ಅವಳದೇ ಕಚೇರಿ. ತಪಾಸಣೆ ಹೀಗೇ ಇರಬೇಕು ಅಂತ ಒಂದಷ್ಟು ಮಾನದಂಡಗಳಿವೆ; ಬಲವಂತವೇನಿಲ್ಲ, ಬೇಕಾದವರು ಒಪ್ಪಿಕೊಳ್ಳಬಹುದು. ಅವಳ ಕಚೇರಿಯ ಸಾಹೇಬರು ಒಪ್ಪಿಬಿಟ್ಟರು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಹಾಗೆ! ಈಗ ಅವಳ ತಪಾಸಣೆ ಸರಿಯಿದೆಯೇ ಅಂತ ಪರೀಕ್ಷಿಸಲು ಪಕ್ಕದ ಕೌಂಟಿಯ ಕರ್ಟಿಸ್ ಅನ್ನುವವನು ಅವಳ ಜತೆಗೇ ಅಡುಗೆಮನೆ ಹೊಕ್ಕು, ತಾನೂ ಬೇರೆಯಾಗಿ ನೋಡಿ, ಕೊನೆಗೆ ಇಬ್ಬರು ಬರೆದದ್ದನ್ನೂ ತಾಳೆ ಹಾಕುತ್ತಾನೆ. ಅಲ್ಲಿಯವರೆಗೆ ಅವನು ತುಟಿ ಬಿಚ್ಚುವಂತಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೋಗಿದ್ದು ಬಾಲ್ಯದ ಗೆಳತಿ ಬೊಜೆನಾಳ ಹೋಟೆಲಿಗೆ. ಊರಿನ ಮುದುಕರ ಮಧ್ಯಾಹ್ನದೂಟಕ್ಕೆ ಸೂಪು ಹೋಗುವುದು ಇಲ್ಲಿಂದಲೇ. ಲುಡ್ಮಿಲಾಳ ತಾಯಿ ಉಣ್ಣುವುದೂ ಅದೇ ಪಂಕ್ತಿಯಲ್ಲಿ.

"ಬಾರೇ ತಾಯಿ! ಜತೆಗೆ ಪೊಲೀಸಪ್ಪನ್ನೂ ಕರಕೊಂಡು ಬಂದ್ಯಾ?" ಬೊಜೆನಾ ನಕ್ಕಳು.

ಲುಡ್ಮಿಲಾಗೆ ನಗು ಬರಲಿಲ್ಲ. ಕರ್ಟಿಸ್ ಫ್ರಿಜ್ಜು ನೋಡಿದ, ಕೈ ತೊಳೆಯುವ ಜಾಗ ನೋಡಿದ, ಆಮೇಲೆ ಹಿಂಬಾಗಿಲು ತೆಗೆದ. ಜಗಲಿಯ ಮೇಲೆ ಹಂಡೆಯಂಥ ಪಾತ್ರೆ. ಚಳಿಗಾಲದಲ್ಲಿ ಸೂಪನ್ನು ಹೊರಗಿಟ್ಟು ಆರಿಸುವುದು ಈ ಊರಿನ ಮನೆಮನೆಯ ರೂಢಿ. ಲುಡ್ಮಿಲಾಳ ಮನೆಯಲ್ಲೂ ಅದೇ. ಅದಕ್ಕೇ ಇಷ್ಟು ವರ್ಷ ಆ ಬಾಗಿಲ ತಂಟೆಗೇ ಅವಳು ಹೋಗಿರಲಿಲ್ಲ. ಆದರೆ ನಿನ್ನೆಯಿಂದ ಚಳಿ ಸಡಿಲಿ ಹಿಮ ಕರಗುತ್ತಿತ್ತು. ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಯಾವಾಗ ಇಟ್ಟಿದ್ದೇ ಇದನ್ನ?"

"ನಿನ್ನೆ ಸಂಜೆ. ಯಾಕೆ?"

ಲುಡ್ಮಿಲಾ ಥರ್ಮಾಮೀಟರನ್ನು ಸೂಪಿನ ನಡುವಿಗೆ ಇಳಿಸಿದಳು. ಮೇಲೆ ತಣ್ಣಗಿತ್ತು. ಒಳಗೆ ಇನ್ನೂ ಉಗುರುಬೆಚ್ಚಗೆ.

"ಚೆಲ್ಲಬೇಕು ಬೊಜೆನಾ."

"ತಲೆ ಕೆಟ್ಟಿದ್ಯಾ ನಿಂಗೆ? ನಿಮ್ಮಮ್ಮ ಹಿಂಗೇ ಆರಿಸ್ತಿರ್ಲಿಲ್ವೇನೇ? ಅರ್ಧ ಆಗ್ಲೇ ಮುದುಕರ ಊಟಕ್ಕೆ ಹೋಯ್ತು. ಕುದಿಸಿಯೇ ಕಳಿಸಿದೀನಿ, ಹೆದರ್ಬೇಡ."

"ರಾತ್ರಿಯೆಲ್ಲಾ ಬೆಚ್ಚಗಿದ್ರೆ ಕ್ರಿಮಿ ಬೆಳೆದು ವಿಷ ಬಿಡುತ್ವೆ. ಕುದಿಸಿದ್ರೂ ಕೆಲವು ವಿಷ ಹೋಗಲ್ವೇ!"

ಕರ್ಟಿಸ್ ಏನು ಬರೆದುಕೊಂಡನೋ, ಅವಳಿಗೆ ಈಗ ಅದು ಬೇಕಿರಲಿಲ್ಲ. ಕೂಡಲೇ ತಾಯಿಗೆ ಫೋನು ಹಚ್ಚಿದಳು.

"ಅಮ್ಮಾ, ಸೂಪು ಮುಟ್ಬೇಡ! ಎಲ್ಲರಿಗೂ ತಿನ್ಬೇಡಿ ಅನ್ನು!"

"ಇದೇನೇ ಇದು? ಎಲ್ಲರದ್ದೂ ಆಯ್ತಲ್ಲ. ನಾನು ಎರಡು ಬಟ್ಟಲು ಹಾಕಿಸ್ಕೊಂಡೆ. ಥೇಟ್ ನಮ್ಮನೆ ರುಚಿ ಕಣೇ," ಅಂದಳು ತಾಯಿ.